ಬೇಸ್‌ಬಾಲ್ ಟಿವಿ ಬಳಗದ ಜೊತೆ ಊರಿಂದ ಊರಿಗೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡ 162 ಪಂದ್ಯ ಆಡುತ್ತದೆ. 81 ತನ್ನ ಮೈದಾನದಲ್ಲಿ, ಉಳಿದ 81 ಹೊರಗೆ. ಹೆಚ್ಚುಕಡಿಮೆ ದಿನಾ ಪಂದ್ಯ. ನಾನು ಅಂಥ ಒಂದು ತಂಡದ ಪಂದ್ಯಗಳನ್ನು ಟಿವಿಯಲ್ಲಿ ತೋರಿಸುವ ಬಳಗದಲ್ಲಿ ರೀಪ್ಲೇ ಕೆಲಸ ಮಾಡುವವಳು. ತಂಡ ಎಲ್ಲಿಗೆ ಹೋಗುತ್ತದೋ ನಾವೂ ಅಲ್ಲಿಗೆ. ಈ ಅಲೆದಾಟದ ಬಗ್ಗೆ ನೀವು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಕ್ಯಾಮೆರಾದವರು, ಸೌಂಡಿನವರು, ಟ್ರಕ್ಕು ಎಲ್ಲಾ ಒಟ್ಟಿಗೆ ಒಂದು ಊರಿಂದ ಇನ್ನೊಂದು ಊರಿಗೆ ಹೋಗುತ್ತೀರಾ? ಒಟ್ಟು ಎಷ್ಟು ಜನ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಆದರೆ ನಿಜವಾಗಿ ಪ್ರಯಾಣ ಮಾಡುವವರು ಬೆರಳೆಣಿಕೆಯಷ್ಟು ಜನ. ಪ್ರೊಡ್ಯೂಸರ್, ಡೈರೆಕ್ಟರ್, ಇಬ್ಬರು ಕಾಮೆಂಟೇಟರ್‌ಗಳು, ಮೈದಾನದಿಂದ ವರದಿ ಮಾಡುವ ರಿಪೋರ್ಟರ್, ಗ್ರಾಫಿಕ್ಸ್ ನೋಡಿಕೊಳ್ಳುವವರು, ರೀಪ್ಲೇಗೆ ನನ್ನಂಥವರು ಒಬ್ಬರು, ಅಷ್ಟೇ. ಕ್ಯಾಮೆರಾ ಹಿಡಿಯುವವರು, ಆಡಿಯೋದವರು, ಕೇಬಲ್ ಎಳೆಯುವವರು, ಸ್ಕೋರ್ ಹಾಕುವವರು, ಇವರೆಲ್ಲಾ ಆಯಾ ಊರಿನವರು. ಫ್ರೀಲ್ಯಾನ್ಸರ್‌ಗಳು. ಇವತ್ತು ನಮ್ಮ ಜೊತೆ ಕೆಲಸ ಮಾಡಿದ ಕ್ಯಾಮೆರಾಮನ್ ಮುಂದಿನ ವಾರ ಅದೇ ಮೈದಾನಕ್ಕೆ ಬರುವ ಬೇರೆ ತಂಡದ ಬಳಗದ ಜೊತೆ ಇರುತ್ತಾನೆ, ಚಳಿಗಾಲದಲ್ಲಿ ಅದೇ ಊರಿನ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗುತ್ತಾನೆ.

ಒಂದೇ ಪಂದ್ಯಕ್ಕೆ ಸಾಮಾನ್ಯವಾಗಿ ಎರಡು ಪ್ರಸಾರ ಇರುತ್ತದೆ. ಆತಿಥೇಯ ತಂಡದ್ದು ಒಂದು, ಹೊರಗಿನಿಂದ ಬಂದ ತಂಡದ್ದು ಇನ್ನೊಂದು. ಮೈದಾನದ ಬಹುಪಾಲು ಕ್ಯಾಮೆರಾಗಳು ಆತಿಥೇಯರ ಡೈರೆಕ್ಟರ್ ಮಾತು ಕೇಳುತ್ತವೆ. ಆ ಚಿತ್ರಗಳು ನಮಗೂ ಬರುತ್ತವೆ. ಅದರ ಜೊತೆಗೆ ನಮ್ಮದೇ ಅಂತ ಒಂದೆರಡು ಕ್ಯಾಮೆರಾ ಇಟ್ಟುಕೊಂಡು ನಮ್ಮ ಆಟಗಾರರು ಕೂರುವ ಡಗ್‌ಔಟ್, ನಮ್ಮ ಕೋಚ್, ಮುಂದಿನ ಇನಿಂಗ್‌ಗೆ ಮೈ ಬಿಸಿ ಮಾಡಿಕೊಳ್ಳುತ್ತಿರುವ ನಮ್ಮ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು), ಇಂಥದ್ದನ್ನು ಹಿಡಿಯುತ್ತೇವೆ. ನಮ್ಮ ನೋಡುಗರಿಗೆ ಬೇಕಾಗಿರುವುದು ಅದೇ ಅಲ್ವಾ.

ಟ್ರಕ್ಕು ಅಂದರೆ ಪ್ರಸಾರದ ಯಂತ್ರಗಳೆಲ್ಲಾ ಇರುವ, ನಾವು ಒಳಗೆ ಕೂತು ಕೆಲಸ ಮಾಡುವ ಗಾಡಿ. ಅದೂ ಹಾಗೆಯೇ. ಸ್ಥಳೀಯ ಪ್ರಸಾರಗಳಿಗೆ ಟ್ರಕ್ ನಮ್ಮ ಹಿಂದೆ ಬರುವುದಿಲ್ಲ, ಆಯಾ ಊರಲ್ಲೇ ಸಿಗುತ್ತದೆ. ದೇಶಕ್ಕೆಲ್ಲಾ ಪ್ರಸಾರ ಮಾಡುವ ದೊಡ್ಡ ಚಾನೆಲ್‌ಗಳ ಕಥೆ ಬೇರೆ. ಅವರ 53 ಅಡಿ ಉದ್ದದ ಟ್ರಕ್‌ಗಳು ರಾತ್ರಿಯೆಲ್ಲಾ ಓಡಿ ಇನ್ನೊಂದು ರಾಜ್ಯ ಸೇರುತ್ತವೆ. ಆ ಡ್ರೈವರ್‌ಗಳ ಹೆಸರು ಪರದೆಯ ಮೇಲೆ ಬರುವುದು ತೀರಾ ಅಪರೂಪ. ಅವರು ಹೊತ್ತಿಗೆ ಸರಿಯಾಗಿ ಬರದಿದ್ದರೆ ಉಳಿದ ನಾವು ಯಾರೂ ಏನೂ ಮಾಡುವ ಹಾಗಿಲ್ಲ.

ಹೀಗಾಗಿ ಈ ಬದುಕಿನ ತಿರುಳು ವಿಮಾನವೂ ಅಲ್ಲ, ಹೋಟೆಲೂ ಅಲ್ಲ. ಪ್ರತಿ ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಊರು, ಹೊಸ ಜನ. ಮಧ್ಯಾಹ್ನ ಕೈ ಕುಲುಕಿ ಹೆಸರು ಕೇಳಿಕೊಂಡವರ ಜೊತೆ ಸಂಜೆ ಏಳಕ್ಕೆ ಒಂದೇ ಮನಸ್ಸಿನಲ್ಲಿ ಕೆಲಸ ಮಾಡಬೇಕು. ಇದು ಆಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಹಳೆಯದಾಗಿಲ್ಲ.

ಪ್ರಶ್ನೆ: ಪಂದ್ಯ ಮೂರು ಗಂಟೆ ಮಾತ್ರ. ಉಳಿದ ಹೊತ್ತು ಊರು ಸುತ್ತಬಹುದಲ್ಲ?

ಸುತ್ತುವುದಕ್ಕೆ ಸಿಗುವುದು ಬೆಳಗಿನ ಹೊತ್ತು ಮಾತ್ರ, ಅದರಲ್ಲೂ ಅರ್ಧ ನಿದ್ದೆಗೆ ಹೋಗುತ್ತದೆ.

ಸಂಜೆ 7:10ಕ್ಕೆ ಪಂದ್ಯ ಅಂದುಕೊಳ್ಳಿ. ಕ್ರೂ ಕಾಲ್, ಅಂದರೆ ಬಳಗದವರೆಲ್ಲಾ ಕೆಲಸಕ್ಕೆ ಬರಬೇಕಾದ ಹೊತ್ತು, ಮಧ್ಯಾಹ್ನ ಒಂದರ ಸುಮಾರಿಗೆ. ಟ್ರಕ್ಕಿನ ಎಂಜಿನಿಯರ್ ಅದಕ್ಕೂ ಮೊದಲೇ ಬಂದು ಕರೆಂಟು ಕೊಟ್ಟು, ಮೈದಾನದ ಫೈಬರ್ ಲೈನ್‌ಗಳನ್ನು ಜೋಡಿಸಿಕೊಂಡಿರುತ್ತಾರೆ. ಆಮೇಲೆ ಪ್ರತಿ ಕ್ಯಾಮೆರಾ, ಪ್ರತಿ ಮೈಕು, ಪ್ರತಿ ಹೆಡ್‌ಸೆಟ್ ಒಂದೊಂದಾಗಿ ಪರೀಕ್ಷೆ. ಇದನ್ನು ಫ್ಯಾಕ್ಸ್ ಅನ್ನುತ್ತೇವೆ. ನಾನು ನನ್ನ ರೀಪ್ಲೇ ಮೆಷಿನ್‌ಗೆ ಯಾವ ಯಾವ ಕ್ಯಾಮೆರಾ ಬರುತ್ತಿದೆ ಅಂತ ನೋಡಿ, ಹಿಂದಿನ ದಿನದ ತುಣುಕುಗಳನ್ನು ತುಂಬಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ತಂಡದ ಮ್ಯಾನೇಜರ್ ಪತ್ರಕರ್ತರ ಜೊತೆ ಮಾತಾಡುತ್ತಾರೆ, ಆಡುವವರ ಪಟ್ಟಿ ಬರುತ್ತದೆ, ಗ್ರಾಫಿಕ್ಸ್‌ನವರು ತಯಾರಿಸಿಟ್ಟ ಅರ್ಧ ಹಾಳೆಗಳು ಬದಲಾಗುತ್ತವೆ. ಬ್ಯಾಟಿಂಗ್ ಅಭ್ಯಾಸ ಶುರುವಾದರೆ ಪ್ರೊಡ್ಯೂಸರ್ ಮೈದಾನದಲ್ಲೇ ಇರುತ್ತಾರೆ.

ಐದರ ಹೊತ್ತಿಗೆ ಊಟ. ಕ್ರೂ ಮೀಲ್ ಅಂದರೆ ಸುಮ್ನೆ ಊಟ ಅಲ್ಲ. ಊರಿನವರು ಮತ್ತು ನಾವು ಒಂದೇ ಮೇಜಿಗೆ ಕೂರುವ ಹೊತ್ತು ಅದೊಂದೇ. ನಮ್ಮ ಡೈರೆಕ್ಟರ್ ಅಲ್ಲಿ ಎಲ್ಲರ ಹೆಸರನ್ನೂ ಇನ್ನೊಮ್ಮೆ ಕೇಳಿ ಮನಸ್ಸಿಗೆ ಹಾಕಿಕೊಳ್ಳುತ್ತಾರೆ. ಹೆಡ್‌ಸೆಟ್‌ನಲ್ಲಿ ಬರೀ 'ಮೂರನೇ ಕ್ಯಾಮೆರಾ' ಅನ್ನುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂಬತ್ತು ಇನಿಂಗ್‌ಗಳ ಪಂದ್ಯದ ಎಂಟನೇ ಇನಿಂಗ್‌ನಲ್ಲಿ, ಎಲ್ಲರೂ ದಣಿದಾಗ ಗೊತ್ತಾಗುತ್ತದೆ. ಹೆಸರು ಕರೆದರೆ ಆ ಮನುಷ್ಯ ಇನ್ನೊಂದು ಒಳ್ಳೆಯ ಶಾಟ್ ಹುಡುಕಿ ಕೊಡುತ್ತಾನೆ.

ಪಂದ್ಯ ಮುಗಿದ ಮೇಲೆ ಎಲ್ಲಾ ಬಿಚ್ಚಿ ಜೋಡಿಸಿ ಹೋಟೆಲ್ ಸೇರುವಾಗ ಹನ್ನೆರಡು ಆಗಿರುತ್ತದೆ. ಸರಣಿಯ ಕೊನೆಯ ದಿನಕ್ಕೆ ಗೆಟ್‌ಅವೇ ಡೇ ಅಂತ ಹೆಸರು. ಅವತ್ತು ಸಾಮಾನ್ಯವಾಗಿ ಮಧ್ಯಾಹ್ನವೇ ಪಂದ್ಯ. ಬೆಳಿಗ್ಗೆ ಪೆಟ್ಟಿಗೆ ಕಟ್ಟಿ, ಕೋಣೆ ಖಾಲಿ ಮಾಡಿ, ಪಂದ್ಯ ಮುಗಿಸಿ ಹಾಗೇ ವಿಮಾನ ನಿಲ್ದಾಣಕ್ಕೆ ಹೋಗುತ್ತೇವೆ.

ಪ್ರಶ್ನೆ: ರೀಪ್ಲೇ ಕೆಲಸದಲ್ಲಿ ಕಷ್ಟ ಏನು? ಗುಂಡಿ ಒತ್ತಿದರೆ ಆಯಿತಲ್ಲ?

ಕಷ್ಟ ಹೊತ್ತಿನದು. 2023ರಲ್ಲಿ ಪಿಚ್ ಕ್ಲಾಕ್ ಬಂತು. ಬೇಸ್‌ಗಳಲ್ಲಿ, ಅಂದರೆ ಓಟಗಾರರು ನಿಲ್ಲುವ ಜಾಗಗಳಲ್ಲಿ, ಯಾರೂ ಇಲ್ಲದಿದ್ದರೆ ಪಿಚರ್ 15 ಸೆಕೆಂಡ್ ಒಳಗೆ ಎಸೆಯಲು ಶುರು ಮಾಡಬೇಕು. ಯಾರಾದರೂ ಇದ್ದರೆ ಆ ವರ್ಷ 20 ಸೆಕೆಂಡ್ ಇತ್ತು, 2024ರಿಂದ 18. ಒಂಬತ್ತು ಇನಿಂಗ್‌ನ ಪಂದ್ಯ 2022ರಲ್ಲಿ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿತ್ತು. 2023ರಲ್ಲಿ ಅದು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ನೋಡುಗರಿಗೆ ತುಂಬಾ ಒಳ್ಳೆಯದಾಯಿತು, ನಿದ್ದೆ ವಿಷಯದಲ್ಲಿ ನಮಗೂ ಕೂಡ. ಆದರೆ ರೀಪ್ಲೇಗೆ ಇದ್ದ ಬಿಡುವು ಹೋಯಿತು. ಮೊದಲೆಲ್ಲಾ ಪಿಚರ್ ಹಿಂದೆ ಸರಿದು, ಟೋಪಿ ಸರಿಮಾಡಿಕೊಂಡು, ಬ್ಯಾಟರ್ ಕೈಗವಸು ಬಿಚ್ಚಿ ಕಟ್ಟಿಕೊಳ್ಳುವಷ್ಟರಲ್ಲಿ ಎರಡು ಮೂರು ಕೋನಗಳಿಂದ ತೋರಿಸಬಹುದಿತ್ತು. ಈಗ ಒಂದೇ ಕೋನ, ಅದೂ ಆರೇಳು ಸೆಕೆಂಡ್. ಹಾಗಾಗಿ ಯಾವುದು ಆ ಒಂದು ಅನ್ನುವುದು ಚೆಂಡು ಬ್ಯಾಟಿಗೆ ತಗುಲಿದ ಕ್ಷಣದಲ್ಲೇ ತಲೆಯಲ್ಲಿ ತೀರ್ಮಾನ ಆಗಿರಬೇಕು. ರೀಪ್ಲೇಯಿಂದ ಲೈವ್‌ಗೆ ಬರುವಷ್ಟರಲ್ಲಿ ಪಿಚರ್ ಕೈಯಿಂದ ಚೆಂಡು ಹೊರಟುಬಿಟ್ಟಿದ್ದರೆ ನಾವು ನೋಡುಗರಿಗೆ ಅನ್ಯಾಯ ಮಾಡಿದ ಹಾಗೆ. ಗಂಟೆಗೆ 95 ಮೈಲಿ ವೇಗದ ಚೆಂಡು ಬ್ಯಾಟರ್ ಹತ್ತಿರ ತಲುಪಲು ಹಿಡಿಯುವುದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ, ಅಷ್ಟೇ.

ಈ ಬದಲಾವಣೆ ಕೆಟ್ಟದ್ದು ಅಂತ ಹೇಳುವವರಲ್ಲಿ ನಾನಿಲ್ಲ. ಆಟ ಮುಖ್ಯ, ನಮ್ಮ ಅಲಂಕಾರ ಆಮೇಲೆ.

ಪ್ರಶ್ನೆ: ಬೇಸ್‌ಬಾಲ್‌ನಲ್ಲಿ ಯಾವಾಗಲೂ ಪಿಚರ್ ಬೆನ್ನ ಹಿಂದಿನಿಂದ ತೋರಿಸುತ್ತಾರೆ, ಅದೂ ಸ್ವಲ್ಪ ಓರೆಯಾಗಿ. ನೇರವಾಗಿ ಯಾಕೆ ತೋರಿಸುವುದಿಲ್ಲ?

ಒಳ್ಳೆಯ ಕಣ್ಣು ನಿಮ್ಮದು! ಆ ಕ್ಯಾಮೆರಾ ಇರುವುದು ಸೆಂಟರ್ ಫೀಲ್ಡ್‌ನ, ಅಂದರೆ ಬ್ಯಾಟರ್‌ಗೆ ನೇರ ಎದುರಿನ ತುದಿಯ, ಗೋಡೆಯ ಆಚೆ. ಬ್ಯಾಟರ್‌ನಿಂದ 400 ಅಡಿಗೂ ಜಾಸ್ತಿ ದೂರ. ಅಷ್ಟು ದೂರದಿಂದ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಬೆರಳು ಕೂಡ ಕಾಣುವಂತೆ ಎಳೆದು ತೋರಿಸುವ ಲೆನ್ಸ್ ಅದು, ಗಾಳಿಗೆ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಪರದೆ ಪೂರ್ತಿ ನಡುಗುತ್ತದೆ. ಸರಿಯಾಗಿ ಮಧ್ಯದಲ್ಲಿ ಇಟ್ಟರೆ ಎರಡು ತೊಂದರೆ. ಪಿಚರ್‌ನ ಬೆನ್ನು ಬ್ಯಾಟರ್‌ನನ್ನೂ ಕ್ಯಾಚರ್‌ನನ್ನೂ ಮುಚ್ಚುತ್ತದೆ. ಅದಕ್ಕಿಂತ ದೊಡ್ಡದು, ಅಲ್ಲಿ ಬ್ಯಾಟರ್ಸ್ ಐ ಅಂತ ಒಂದು ಗಾಢ ಬಣ್ಣದ ಖಾಲಿ ಜಾಗ ಬಿಟ್ಟಿರುತ್ತಾರೆ. ಬಿಳಿ ಚೆಂಡು ಬ್ಯಾಟರ್ ಕಣ್ಣಿಗೆ ಸ್ಪಷ್ಟವಾಗಿ ಕಾಣಲಿ ಅಂತ. ಅದರ ನಡುವೆ ನಾವು ಹೋಗಿ ನಿಲ್ಲುವ ಹಾಗಿಲ್ಲ. ಆದ್ದರಿಂದ ಒಂದು ಪಕ್ಕಕ್ಕೆ.

ಓರೆ ಆದ್ದರಿಂದ ಒಂದು ಮೋಸ ಆಗುತ್ತದೆ. ಬ್ಯಾಟರ್ ಮುಂದಿರುವ ಹೋಮ್ ಪ್ಲೇಟಿನ ಅಂಚು ಸವರಿಕೊಂಡು ಹೋದ ಚೆಂಡು ಟಿವಿಯಲ್ಲಿ ಬೇರೆ ಕಡೆ ಹೋದ ಹಾಗೆ ಕಾಣುತ್ತದೆ. ಮನೆಯಲ್ಲಿ ಕೂತು ಅಂಪೈರ್‌ಗೆ ಬೈಯುವವರು ಇದನ್ನು ನೆನಪಿಡಬೇಕು. ಚೆಂಡು ಸರಿಯಾದ ಜಾಗದಲ್ಲಿ ಹೋಯಿತಾ ಅಂತ ತೋರಿಸಲು ಪರದೆಯ ಮೇಲೆ ಒಂದು ಚೌಕ ಬರುತ್ತದಲ್ಲ, ಅದು ಈ ಕ್ಯಾಮೆರಾ ಕಣ್ಣಿನದ್ದಲ್ಲ, ಮೈದಾನದ ಸುತ್ತ ಇರುವ ಬೇರೆ ಕ್ಯಾಮೆರಾಗಳ ಲೆಕ್ಕದಿಂದ ಬಂದದ್ದು. ಸ್ಟ್ಯಾಟ್‌ಕಾಸ್ಟ್ ಅನ್ನುವ ಈ ವ್ಯವಸ್ಥೆ 2015ರಲ್ಲಿ ಎಲ್ಲಾ ಮೈದಾನಗಳಿಗೆ ಬಂತು, 2020ರಿಂದ ಹಾಕ್-ಐ ಕ್ಯಾಮೆರಾಗಳ ಮೇಲೆ ನಡೆಯುತ್ತಿದೆ.

ಈ ವಿಷಯ ಬಂದಾಗ ನನಗೆ ಹಳೆಯ ಕಥೆ ಹೇಳದೆ ಇರಲಾಗುವುದಿಲ್ಲ. ಮೇಜರ್ ಲೀಗ್ ಪಂದ್ಯ ಮೊದಲ ಸಲ ಟಿವಿಯಲ್ಲಿ ಬಂದದ್ದು 1939ರ ಆಗಸ್ಟ್ 26ರಂದು, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಿಂದ. ಬ್ರೂಕ್ಲಿನ್ ಡಾಡ್ಜರ್ಸ್ ಮತ್ತು ಸಿನ್ಸಿನಾಟಿ ರೆಡ್ಸ್ ಅವತ್ತು ಎರಡು ಪಂದ್ಯ ಆಡಿ ಒಂದೊಂದು ಗೆದ್ದವು. ಕಾಮೆಂಟೇಟರ್ ರೆಡ್ ಬಾರ್ಬರ್ ಮಾತಾಡಿದರು. ಇದ್ದದ್ದು ಎರಡೇ ಕ್ಯಾಮೆರಾ. ಇನ್ನೊಂದು ಕಥೆ 1975ರ ವರ್ಲ್ಡ್ ಸೀರೀಸ್‌ನ, ಅಂದರೆ ಫೈನಲ್ ಸರಣಿಯ, ಆರನೇ ಪಂದ್ಯದ್ದು. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಎಡಗಡೆಯ ದೊಡ್ಡ ಗೋಡೆಯೊಳಗೆ ಒಂದು ಕ್ಯಾಮೆರಾ ಇತ್ತು. 12ನೇ ಇನಿಂಗ್‌ನಲ್ಲಿ ಬಾಸ್ಟನ್ ತಂಡದ ಕಾರ್ಲ್ಟನ್ ಫಿಸ್ಕ್ ಹೊಡೆದ ಚೆಂಡು ಗೆರೆಯ ಒಳಗೆ ಬೀಳುತ್ತದೋ ಹೊರಗೋ ಗೊತ್ತಿಲ್ಲ. ಅವರು ಓಡುವುದು ಬಿಟ್ಟು ಎರಡೂ ಕೈ ಬೀಸಿ ಬೀಸಿ ಚೆಂಡನ್ನು ಒಳಗೆ ತಳ್ಳುವವರ ಹಾಗೆ ಕುಣಿದರು. ಆ ಕ್ಯಾಮೆರಾ ಚೆಂಡಿನ ಹಿಂದೆ ಹೋಗದೆ ಮನುಷ್ಯನ ಮೇಲೆ ನಿಂತಿತ್ತು. ಚೆಂಡಷ್ಟೇ ಅಲ್ಲ, ಮುಖವನ್ನೂ ತೋರಿಸಬೇಕು ಅನ್ನುವುದಕ್ಕೆ ನಮ್ಮ ಕಸುಬಿನವರು ಇವತ್ತಿಗೂ ಆ ಶಾಟನ್ನೇ ಉದಾಹರಣೆ ಕೊಡುವುದು.

ಪ್ರಶ್ನೆ: ಕೊರೊನಾ ಕಾಲದಲ್ಲಿ ಕಾಮೆಂಟೇಟರ್‌ಗಳು ಮಾನಿಟರ್ ನೋಡಿಕೊಂಡೇ ಮಾತಾಡಿದರು, ಪಂದ್ಯ ಚೆನ್ನಾಗಿಯೇ ಬಂತು. ಹಾಗಿದ್ದ ಮೇಲೆ ಇಷ್ಟು ಖರ್ಚು ಮಾಡಿ ಜನರನ್ನು ಊರೂರಿಗೆ ಕಳಿಸುವುದು ಯಾಕೆ?

ಈ ಪ್ರಶ್ನೆ ನಮ್ಮ ಮಾಲೀಕರೂ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

2020ರಲ್ಲಿ 60 ಪಂದ್ಯಗಳ ಚಿಕ್ಕ ಸೀಸನ್ ನಡೆಯಿತು. ಹೊರ ಊರಿನ ಪಂದ್ಯಗಳಿಗೆ ಕಾಮೆಂಟೇಟರ್‌ಗಳು ಹೋಗಲಿಲ್ಲ. ತಮ್ಮ ಊರಿನ ಖಾಲಿ ಮೈದಾನದಲ್ಲೋ ಸ್ಟುಡಿಯೋದಲ್ಲೋ ಕೂತು, ಆತಿಥೇಯರ ಬಳಗ ಕಳಿಸಿದ ಚಿತ್ರ ನೋಡಿ ಮಾತಾಡಿದರು. ಆಗ ಬೇರೆ ದಾರಿಯೇ ಇರಲಿಲ್ಲ, ಮಾಡಿದವರಿಗೆ ನಮಸ್ಕಾರ. ಆಮೇಲೆ ಪ್ರಯಾಣ ಮತ್ತೆ ಶುರುವಾಯಿತು, ಆದರೆ ಎಲ್ಲಾ ಕಡೆ ಒಂದೇ ಸಲ ಅಲ್ಲ. ಈಗ ರೆಮಿ ಅನ್ನುವ ಇನ್ನೊಂದು ಪದ್ಧತಿಯೂ ಬಲವಾಗಿದೆ. ಕ್ಯಾಮೆರಾ ಮೈದಾನದಲ್ಲಿ, ಡೈರೆಕ್ಟರ್ ಮತ್ತು ಉಳಿದವರು ಸಾವಿರ ಮೈಲಿ ದೂರದ ಇನ್ನೊಂದು ಊರಿನ ಕೋಣೆಯಲ್ಲಿ. ಹಣ ಉಳಿಯುತ್ತದೆ, ಅದು ನಿಜ. ಮನೆಯಲ್ಲೇ ಮಲಗಬಹುದು, ಅದೂ ನಿಜ. ಸಣ್ಣ ಮಕ್ಕಳಿರುವ ನನ್ನ ಕೆಲವು ಸ್ನೇಹಿತರು ಅದನ್ನೇ ಆರಿಸಿಕೊಂಡಿದ್ದಾರೆ, ಅವರನ್ನು ನಾನು ತಪ್ಪು ಅನ್ನುವುದಿಲ್ಲ.

ಆದರೂ ನನ್ನ ಮಾತು ಒಂದೇ. ಹೋಗಬೇಕು. ಮಾನಿಟರ್ ನೋಡಿ ಮಾತಾಡುವವರಿಗೆ ಡೈರೆಕ್ಟರ್ ಆರಿಸಿದ ಚಿತ್ರ ಮಾತ್ರ ಕಾಣುತ್ತದೆ. ಬೇಸ್‌ಬಾಲ್ ಹಾಗಲ್ಲ. ಚೆಂಡು ಒಂದು ಕಡೆ ಇದ್ದರೆ ಆಟ ಒಂಬತ್ತು ಕಡೆ ನಡೆಯುತ್ತಿರುತ್ತದೆ. ಹೊರಗಿನ ಫೀಲ್ಡರ್ ಎರಡು ಹೆಜ್ಜೆ ಮುಂದೆ ಬಂದನಾ, ಮೊದಲ ಬೇಸಿನಲ್ಲಿದ್ದವನು ಓಡುವುದಕ್ಕೆ ಎಷ್ಟು ದೂರ ಬಿಟ್ಟು ನಿಂತಿದ್ದಾನೆ, ಮುಂದೆ ಬರಬೇಕಾದ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲಿ ಯಾರು ಎದ್ದರು, ಚೆಂಡು ಎತ್ತರಕ್ಕೆ ಹೋದಾಗ ಫೀಲ್ಡರ್ ತಲೆ ತಗ್ಗಿಸಿ ಓಡಿದನಾ ಇಲ್ಲಾ ಆರಾಮಾಗಿ ನಿಂತನಾ, ಇದೆಲ್ಲಾ ಮೈದಾನದ ಕಾಮೆಂಟರಿ ಬೂತ್‌ನಲ್ಲಿ ಕೂತವರ ಕಣ್ಣಿಗೆ ಒಂದೇ ನೋಟಕ್ಕೆ ಬೀಳುತ್ತದೆ. ಅವರು ಹೇಳುತ್ತಾರೆ, ನಾವು ಟ್ರಕ್ಕಿನಲ್ಲಿ ಕೇಳಿಸಿಕೊಂಡು ಆ ಚಿತ್ರ ಹುಡುಕುತ್ತೇವೆ. ಮಾತು ಚಿತ್ರವನ್ನು ಕರೆಯಬೇಕು. ಬರೀ ಮಾನಿಟರ್ ಮುಂದೆ ಕೂತರೆ ಚಿತ್ರದ ಹಿಂದೆ ಮಾತು ಓಡುತ್ತದೆ.

ಇನ್ನು ಪಂದ್ಯಕ್ಕೆ ಮೊದಲಿನ ಆ ಎರಡು ಗಂಟೆ. ಬ್ಯಾಟಿಂಗ್ ಅಭ್ಯಾಸದ ಪಂಜರದ ಹತ್ತಿರ ನಿಂತರೆ ಒಬ್ಬ ಆಟಗಾರ ತನ್ನ ನಿಲುವು ಬದಲಾಯಿಸಿದ್ದು ಕಾಣುತ್ತದೆ. ಯಾಕೆ ಅಂತ ಕೇಳಿದರೆ ಹೇಳುತ್ತಾನೆ, ನಿನ್ನೆಯೂ ಅಲ್ಲೇ ನಿಂತಿದ್ದಿರಿ, ಮೊನ್ನೆಯೂ ನಿಂತಿದ್ದಿರಿ ಅನ್ನುವ ಕಾರಣಕ್ಕೆ ಹೇಳುತ್ತಾನೆ. ಫೋನಿನಲ್ಲಿ ಕೇಳಿದರೆ ಹೇಳುವುದಿಲ್ಲ. ವಿನ್ ಸ್ಕಲ್ಲಿ 1950ರಿಂದ 2016ರವರೆಗೆ 67 ಸೀಸನ್ ಡಾಡ್ಜರ್ಸ್‌ನ ಧ್ವನಿಯಾಗಿದ್ದರು, ಬಹುಪಾಲು ಬೂತ್‌ನಲ್ಲಿ ಒಬ್ಬರೇ ಕೂತು. ಅವರು ಹೇಳುತ್ತಿದ್ದ ಚಿಕ್ಕ ಚಿಕ್ಕ ಕಥೆಗಳು ಹಾಳೆಯಿಂದ ಓದಿ ಬರುವಂಥದ್ದಲ್ಲ. ಹೈಮೆ ಹರೀನ್ ಅದೇ ತಂಡಕ್ಕೆ 1959ರಿಂದ 2022ರವರೆಗೆ ಸ್ಪ್ಯಾನಿಷ್‌ನಲ್ಲಿ ಮಾತಾಡಿದರು. ತಂಡದ ಜೊತೆ ಬದುಕಿದವರ ಮಾತು ಕೇಳುವವರಿಗೆ ಗೊತ್ತಾಗುತ್ತದೆ.

ಊರಿನ ಬಳಗದ ಮಾತೂ ಹಾಗೆಯೇ. ಪ್ರತಿ ವರ್ಷ ಅದೇ ಮೈದಾನದಲ್ಲಿ ಅದೇ ಆಡಿಯೋ ಹಿರಿಯರು ಸಿಗುತ್ತಾರೆ. ಈ ಮೂಲೆಯಲ್ಲಿ ಸಂಜೆ ಗಾಳಿ ಬೀಸಿದರೆ ಮೈಕು ಗೊರಗುಟ್ಟುತ್ತದೆ, ಆರಕ್ಕೆ ಈ ಕ್ಯಾಮೆರಾಗೆ ಬಿಸಿಲು ನೇರ ಬೀಳುತ್ತದೆ ಅಂತ ಅವರಿಗೆ ಗೊತ್ತು. ಸಾವಿರ ಮೈಲಿ ದೂರದಿಂದ ಹೆಡ್‌ಸೆಟ್‌ನಲ್ಲಿ ಬಂದ ಧ್ವನಿಗೆ ಅವರು ಅದನ್ನೆಲ್ಲಾ ಹೇಳುತ್ತಾರಾ? ಪಕ್ಕದಲ್ಲಿ ಕೂತು ಊಟ ಮಾಡಿದವರಿಗೆ ಹೇಳುತ್ತಾರೆ.

ಪ್ರಶ್ನೆ: ಮಳೆ ಬಂದರೆ ರಜಾನಾ?

ಮಳೆ ಬಂದರೆ ಕೆಲಸ ಜಾಸ್ತಿ! ಪಂದ್ಯ ಶುರುವಾಗುವ ಮೊದಲು ನಿಲ್ಲಿಸುವ ತೀರ್ಮಾನ ಆತಿಥೇಯ ತಂಡದ್ದು, ಶುರುವಾದ ಮೇಲೆ ಅಂಪೈರ್‌ಗಳದ್ದು. ಟಾರ್ಪಾಲು ಎಳೆದ ಮೇಲೆ ನಾವು ಯಾರೂ ಜಾಗ ಬಿಟ್ಟು ಹೋಗುವ ಹಾಗಿಲ್ಲ. ಹಳೆಯ ಸಂದರ್ಶನ, ಹಿಂದಿನ ವಾರದ ತುಣುಕು, ಡಗ್‌ಔಟ್‌ನಲ್ಲಿ ಆಟಗಾರರ ಹರಟೆ, ಹೀಗೆ ಏನಾದರೂ ಹುಡುಕಿ ಕೊಡುತ್ತಲೇ ಇರಬೇಕು. ಹೊರಗೆ ನಿಂತ ಕ್ಯಾಮೆರಾದವರು ಪ್ಲಾಸ್ಟಿಕ್ ಹೊದಿಸಿ ಕಾಯುತ್ತಾರೆ. ಐದು ಇನಿಂಗ್ ಮುಗಿದಿದ್ದರೆ ಅಲ್ಲಿಗೇ ಪಂದ್ಯ ಮುಗಿಸಬಹುದು. ಪಂದ್ಯವೇ ಮುಂದೂಡಿದರೆ ಮಾರನೇ ದಿನ ಎರಡು ಪಂದ್ಯ. ಬೆಳಿಗ್ಗೆ ಬಂದರೆ ನಡುರಾತ್ರಿಯವರೆಗೆ.

ಟೊರೊಂಟೊ, ಹ್ಯೂಸ್ಟನ್, ಮಿಲ್ವಾಕಿ, ಫೀನಿಕ್ಸ್, ಸಿಯಾಟಲ್, ಮಯಾಮಿ, ಟೆಕ್ಸಾಸ್‌ನ ಆರ್ಲಿಂಗ್ಟನ್, ಈ ಏಳು ಕಡೆ ಮುಚ್ಚಿ ತೆಗೆಯುವ ಚಾವಣಿ ಇದೆ. ಆ ಊರುಗಳ ಹೆಸರು ವೇಳಾಪಟ್ಟಿಯಲ್ಲಿ ಕಂಡರೆ ಎಲ್ಲರ ಮುಖ ಅರಳುತ್ತದೆ.

ಪಂದ್ಯ ಸಮ ಆಗಿ ಮುಂದುವರಿದರೆ ಏನು ಗತಿ ಅಂತ ಇನ್ನೊಬ್ಬರು ಕೇಳಿದ್ದಾರೆ. 1984ರಲ್ಲಿ ಷಿಕಾಗೊ ವೈಟ್ ಸಾಕ್ಸ್ ಮತ್ತು ಮಿಲ್ವಾಕಿ ಬ್ರೂವರ್ಸ್ ಎರಡು ದಿನ ಸೇರಿ 25 ಇನಿಂಗ್ ಆಡಿದವು, 8 ಗಂಟೆ 6 ನಿಮಿಷ. ಈಗ ಅಷ್ಟು ಹೋಗುವುದು ಕಷ್ಟ. 2020ರಿಂದ ಹತ್ತನೇ ಇನಿಂಗ್‌ನಿಂದ ಎರಡನೇ ಬೇಸಿನಲ್ಲಿ ಒಬ್ಬ ಓಟಗಾರನನ್ನು ಮೊದಲೇ ನಿಲ್ಲಿಸುತ್ತಾರೆ, ಬೇಗ ತೀರ್ಮಾನ ಆಗುತ್ತದೆ.

ಪ್ರಶ್ನೆ: ಅಷ್ಟು ಹತ್ತಿರ ಕ್ಯಾಮೆರಾ ಹಿಡಿದು ನಿಲ್ಲುವವರಿಗೆ ಚೆಂಡು ತಗುಲುವುದಿಲ್ವಾ?

ತಗುಲುತ್ತದೆ. 2023ರ ಜುಲೈನಲ್ಲಿ ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಫೀಲ್ಡರ್ ಎಸೆದ ಚೆಂಡು ದಾರಿ ತಪ್ಪಿ ಡಗ್‌ಔಟ್ ಪಕ್ಕದ ಕ್ಯಾಮೆರಾಮನ್ ತಲೆಗೆ ಬಡಿಯಿತು. ಪಂದ್ಯ ನಿಂತಿತು, ಅವರನ್ನು ಮೈದಾನದಿಂದ ಗಾಡಿಯಲ್ಲಿ ಕರೆದುಕೊಂಡು ಹೋದರು. ಹೋಗುವಾಗ ಎರಡು ಬೆರಳು ಎತ್ತಿ ತೋರಿಸಿದರು, ಕ್ರೀಡಾಂಗಣವೆಲ್ಲಾ ಚಪ್ಪಾಳೆ ತಟ್ಟಿತು. ಆ ದಿನ ದೇಶದ ಎಲ್ಲಾ ಟ್ರಕ್‌ಗಳಲ್ಲೂ ಅದೇ ಮಾತು.

2020ರ ಹೊತ್ತಿಗೆ ಎಲ್ಲಾ 30 ಮೈದಾನಗಳಲ್ಲೂ ಪ್ರೇಕ್ಷಕರಿಗಾಗಿ ಬಲೆಯನ್ನು ಉದ್ದ ಮಾಡಿದರು. ಬಲೆಯ ಹಿಂದೆ ಕೂತವರಿಗೆ ಅದು ಕಾವಲು. ಡಗ್‌ಔಟ್ ಪಕ್ಕದಲ್ಲಿ ಕ್ಯಾಮೆರಾಗೆ ಬಿಟ್ಟ ಜಾಗದಲ್ಲಿ, ಅಂದರೆ ಕ್ಯಾಮೆರಾ ವೆಲ್‌ನಲ್ಲಿ ಇರುವವರು ಎಷ್ಟೋ ಸಲ ಬಲೆಯ ಈಚೆ, ಒಂದು ಕಣ್ಣು ವ್ಯೂಫೈಂಡರ್‌ನಲ್ಲಿ. ಪ್ರತಿ ಮೈದಾನದಲ್ಲೂ ಆ ಜಾಗವನ್ನು ಇನ್ನಷ್ಟು ಭದ್ರ ಮಾಡಬೇಕು, ಇದರಲ್ಲಿ ಖರ್ಚಿನ ಮಾತು ಬರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನನ್ನ ಗಂಡನಿಗೆ ಇಂಥದ್ದೇ ಬಳಗದಲ್ಲಿ ಕೆಲಸ ಸಿಕ್ಕಿದೆ. ಮಗುವಿಗೆ ಎರಡು ವರ್ಷ. ಆರು ತಿಂಗಳು ಹೀಗೆ ಇರುವುದಕ್ಕೆ ಆಗುತ್ತದಾ ಅಂತ ಭಯ.

ನಿಮ್ಮ ಭಯ ಸಹಜ. ಸುಮ್ಮನೆ ಧೈರ್ಯ ಹೇಳುವ ಬದಲು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಒಂದು ಪ್ರವಾಸ ಅಂದರೆ ಸಾಮಾನ್ಯವಾಗಿ ಆರರಿಂದ ಹತ್ತು ದಿನ, ಎರಡು ಅಥವಾ ಮೂರು ಊರು. ಆಮೇಲೆ ಹೆಚ್ಚುಕಡಿಮೆ ಅಷ್ಟೇ ದಿನ ಊರಲ್ಲೇ. ಆದರೆ ಊರಲ್ಲಿದ್ದರೂ ಸಂಜೆ ಹೊತ್ತು ಅವರು ಮನೆಯಲ್ಲಿ ಇರುವುದಿಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಗು ಮಲಗುವ ಹೊತ್ತೇ ಪಂದ್ಯದ ಹೊತ್ತು. ಜುಲೈ ಮಧ್ಯದಲ್ಲಿ ಆಲ್‌ಸ್ಟಾರ್ ಬಿಡುವು ಬಿಟ್ಟರೆ ಬೇಸಿಗೆಯಲ್ಲಿ ಒಟ್ಟಿಗೆ ನಾಲ್ಕು ದಿನ ಸಿಗುವುದು ಅಪರೂಪ. ಮದುವೆ, ಗೃಹಪ್ರವೇಶ, ಹುಟ್ಟುಹಬ್ಬ ಎಲ್ಲಾ ಅಕ್ಟೋಬರ್ ನಂತರ ಇಟ್ಟುಕೊಳ್ಳುವ ಮನೆಗಳು ನನಗೆ ಗೊತ್ತು.

ಯಾವ ಊರಿನ ತಂಡ ಅನ್ನುವುದೂ ಮುಖ್ಯ. ಬಾಲ್ಟಿಮೋರ್‌ನವರಿಗೆ ವಾಷಿಂಗ್ಟನ್ 40 ಮೈಲಿ, ಷಿಕಾಗೊದಿಂದ ಮಿಲ್ವಾಕಿಗೆ 90 ಮೈಲಿ. ಸಿಯಾಟಲ್‌ನವರಿಗೆ ಪಕ್ಕದ ಊರು ಅನ್ನುವುದೇ ಇಲ್ಲ, ಎಲ್ಲಾ ಕಡೆಗೂ ವಿಮಾನ. ಗಡಿಯಾರವೂ ಬದಲಾಗುತ್ತಾ ಇರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಏಳಕ್ಕೆ ಪಂದ್ಯ ಅಂದರೆ ನ್ಯೂಯಾರ್ಕ್‌ನಲ್ಲಿರುವ ಮನೆಯವರಿಗೆ ರಾತ್ರಿ ಹತ್ತು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವುದಿಲ್ಲ, ಆದ್ದರಿಂದ ಫೀನಿಕ್ಸ್‌ಗೆ ಹೋದಾಗ ಫೋನ್ ಮಾಡುವ ಹೊತ್ತು ಇನ್ನೊಮ್ಮೆ ಲೆಕ್ಕ ಹಾಕಬೇಕು.

ನಾನು ಕಂಡ ಹಾಗೆ, ಇದನ್ನು ಚೆನ್ನಾಗಿ ನಡೆಸಿಕೊಂಡು ಹೋಗುವ ಮನೆಗಳಲ್ಲಿ ಫೋನಿನ ಹೊತ್ತು ನಿಗದಿಯಾಗಿರುತ್ತದೆ. ಬೆಳಗಿನ ತಿಂಡಿಯ ಹೊತ್ತು ಒಳ್ಳೆಯದು, ಆಗ ಅವರಿಗೂ ಬಿಡುವು. ಬಂದ ಮೊದಲ ದಿನ ಅವರನ್ನು ಮಲಗಲು ಬಿಡಿ, ಎರಡನೇ ದಿನ ಮಗುವಿನ ಜವಾಬ್ದಾರಿ ಪೂರ್ತಿ ಅವರಿಗೆ ಕೊಡಿ. ಇಲ್ಲದಿದ್ದರೆ ನಿಮ್ಮ ದಣಿವನ್ನು ಲೆಕ್ಕಕ್ಕೆ ಇಡುವವರು ಯಾರೂ ಇರುವುದಿಲ್ಲ. ಮುಂದಿನ ವರ್ಷದ ವೇಳಾಪಟ್ಟಿ ಹಿಂದಿನ ವರ್ಷವೇ ಪ್ರಕಟ ಆಗುತ್ತದೆ. ಅದನ್ನು ಇಬ್ಬರೂ ಕೂತು ನೋಡಿ, ಯಾವ ಪ್ರವಾಸ ಬಿಡಬಹುದು ಅಂತ ಮೊದಲೇ ಕೇಳಿ. ಕೇಳಿದರೆ ಕೆಲವು ಕಡೆ ಕೊಡುತ್ತಾರೆ.

ಪ್ರಶ್ನೆ: ಸಂಬಳ ಹೇಗೆ? ಕೆಲಸ ಭದ್ರನಾ?

ಹೆಚ್ಚಿನವರಿಗೆ ದಿನದ ರೇಟು. ಸಾಮಾನ್ಯವಾಗಿ ಹತ್ತು ಗಂಟೆಯ ದಿನ, ಅದರ ಮೇಲೆ ಓವರ್‌ಟೈಮ್. ಪ್ರಯಾಣ ಮಾಡುವವರಿಗೆ ಊಟದ ಖರ್ಚಿಗೆ ದಿನಕ್ಕೆ ಇಷ್ಟು ಡಾಲರ್ ಅಂತ ಬೇರೆ. ಅನೇಕ ಊರುಗಳಲ್ಲಿ ಯೂನಿಯನ್ ಇದೆ, ಇರುವ ಕಡೆ ನಿಯಮಗಳು ಚೆನ್ನಾಗಿವೆ.

ಭದ್ರತೆ ಬಗ್ಗೆ ಎದೆ ತಟ್ಟಿ ಹೇಳಲಾರೆ. ಕೇಬಲ್ ಬಿಡುವ ಮನೆಗಳು ಹೆಚ್ಚಾದ ಹಾಗೆ ಸ್ಥಳೀಯ ಕ್ರೀಡಾ ಚಾನೆಲ್‌ಗಳ ಆದಾಯ ಕುಸಿಯಿತು. 14 ತಂಡಗಳ ಪಂದ್ಯ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಮೇ 31ರಿಂದ ಸ್ಯಾನ್ ಡಿಯಾಗೊ ಪಾಡ್ರೇಸ್ ಪಂದ್ಯಗಳನ್ನು ಲೀಗ್ ತಾನೇ ತೋರಿಸಲು ಶುರು ಮಾಡಿತು. ಕಾಮೆಂಟೇಟರ್‌ಗಳು ಅವರೇ ಇದ್ದರು, ಮನೆಯಲ್ಲಿ ಕೂತವರಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಯಾರ ಕೈಗೆ ಹಕ್ಕು ಹೋದರೂ ಕ್ಯಾಮೆರಾ ಹಿಡಿಯುವವರು ಬೇಕೇ ಬೇಕು. ನನ್ನ ನಂಬಿಕೆ ಅಷ್ಟರ ಮೇಲೆ ನಿಂತಿದೆ.

ಪ್ರಶ್ನೆ: ನಿಮಗೆ ಇಷ್ಟದ ಮೈದಾನ ಯಾವುದು?

ಕೆಲಸಕ್ಕೆ ಸುಲಭವಾದದ್ದು ಹೊಸವು. ಮನಸ್ಸಿಗೆ ಹತ್ತಿರ 1914ರ ರಿಗ್ಲಿ ಫೀಲ್ಡ್, ಷಿಕಾಗೊ. ಜಾಗ ಇಕ್ಕಟ್ಟು, ಮನೆಗಳ ನಡುವೆಯೇ ಮೈದಾನ. ಆದರೆ ಮಧ್ಯಾಹ್ನದ ಪಂದ್ಯ ಜಾಸ್ತಿ, ಬಿಸಿಲಿನಲ್ಲಿ ಗೋಡೆಯ ಮೇಲಿನ ಹಸಿರು ಬಳ್ಳಿ ನೋಡಬೇಕು. ಅಲ್ಲಿ ರಾತ್ರಿ ಪಂದ್ಯಕ್ಕೆ ದೀಪ ಹತ್ತಿದ್ದೇ 1988ರಲ್ಲಿ. ಡೆನ್ವರ್‌ನ ಕೂರ್ಸ್ ಫೀಲ್ಡ್ ಸಮುದ್ರ ಮಟ್ಟದಿಂದ ಒಂದು ಮೈಲಿ ಎತ್ತರ, ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಕ್ಯಾಮೆರಾದವರು ಮೊದಲ ದಿನ ಅದಕ್ಕೆ ಕಣ್ಣು ಹೊಂದಿಸಿಕೊಳ್ಳಬೇಕು. 2025ರಿಂದ ಅಥ್ಲೆಟಿಕ್ಸ್ ತಂಡ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಚಿಕ್ಕ ಲೀಗಿನ ಮೈದಾನದಲ್ಲಿ ಆಡುತ್ತಿದೆ. ಆಟಗಾರರ ಮಾತು ಕೂಡ ಕೇಳುವಷ್ಟು ಹತ್ತಿರ, ಆಡಿಯೋದವರಿಗೆ ಹಬ್ಬ.

ಪ್ರಶ್ನೆ: ಅಕ್ಕಾ, ನಾನು ಪಿಯುಸಿ ಓದುತ್ತಿದ್ದೇನೆ. ಹುಡುಗಿಯರಿಗೆ ಈ ಕೆಲಸ ಆಗುತ್ತದಾ? ಏನು ಕಲಿಯಬೇಕು?

ಖಂಡಿತಾ ಆಗುತ್ತದೆ ಪುಟ್ಟಾ. 2021ರ ಜುಲೈ 20ರಂದು ಟ್ಯಾಂಪಾ ಬೇ ಮತ್ತು ಬಾಲ್ಟಿಮೋರ್ ಪಂದ್ಯವನ್ನು ಯೂಟ್ಯೂಬ್‌ನಲ್ಲಿ ಮಾತಾಡಿ ತೋರಿಸಿದ ಐವರೂ ಹೆಂಗಸರು. ಮೇಜರ್ ಲೀಗ್‌ನಲ್ಲಿ ಅದೇ ಮೊದಲು. 2024ರಲ್ಲಿ ಜೆನ್ನಿ ಕ್ಯಾವ್‌ನರ್ ಓಕ್ಲೆಂಡ್ ತಂಡದ ಮುಖ್ಯ ಕಾಮೆಂಟೇಟರ್ ಆದರು, ಒಂದು ತಂಡಕ್ಕೆ ಆ ಜಾಗದಲ್ಲಿ ಕೂತ ಮೊದಲ ಮಹಿಳೆ. ಟ್ರಕ್ಕಿನೊಳಗೆ ನಾವು ಇನ್ನೂ ಕಡಿಮೆ. ನೀನು ಬಂದರೆ ಒಬ್ಬರು ಜಾಸ್ತಿ ಆಗುತ್ತಾರೆ.

ಕಾಲೇಜಿನಲ್ಲಿ ಯಾವ ಆಟ ನಡೆದರೂ ಹೋಗಿ ಕ್ಯಾಮೆರಾ ಹಿಡಿ, ಅಥವಾ ಕೇಬಲ್ ಎಳೆ. ಇಲ್ಲಿ ಹೆಚ್ಚಿನವರು ಯುಟಿಲಿಟಿ ಅನ್ನುವ ಕೆಲಸದಿಂದ, ಅಂದರೆ ಕೇಬಲ್ ಸುತ್ತುವುದರಿಂದಲೇ ಶುರು ಮಾಡಿದವರು. ಕೇಬಲ್ಲನ್ನು ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕಿ ಸುತ್ತುವ ಒಂದು ಕ್ರಮ ಇದೆ, ಎಳೆದಾಗ ಗಂಟು ಬೀಳುವುದಿಲ್ಲ. ಮೊದಲು ಅದನ್ನು ಕಲಿ, ಹೊಸಬರು ಬಂದಾಗ ಎಲ್ಲರೂ ನೋಡುವುದು ಅದನ್ನೇ. ಆಮೇಲೆ ಆಟದ ನಿಯಮ ಪೂರ್ತಿ ತಿಳಿದುಕೋ. ಟಿವಿಯಲ್ಲಿ ಪಂದ್ಯ ನೋಡುವಾಗ ಧ್ವನಿ ಬಂದ್ ಮಾಡಿ, ಮುಂದೆ ಯಾವ ಚಿತ್ರ ಬರುತ್ತದೆ ಅಂತ ಜೋರಾಗಿ ಹೇಳಿ ನೋಡು. ರೀಪ್ಲೇ ಇಷ್ಟ ಆದರೆ ಇವಿಎಸ್ ಅನ್ನುವ ಮೆಷಿನ್ ಬಗ್ಗೆ ಓದಿಕೋ, ಹೆಚ್ಚಿನ ಟ್ರಕ್‌ಗಳಲ್ಲಿ ಅದೇ ಇರುವುದು. ಇನ್ನೂ ಏನಾದರೂ ಕೇಳಬೇಕಿದ್ದರೆ ಬರೆ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.